'ಎಜುಕೇಷನ್' ಎಂಬ ಶಬ್ದದ ನಿಷ್ಪತ್ತಿ

೧

ವಿದ್ಯಾಭ್ಯಾಸವನ್ನು ಕುರಿತ ಉಪನ್ಯಾಸಗಳಲ್ಲಿಯೂ, ಉಪಾಧ್ಯಾಯರ ತರಬೇತಿಗಾಗಿ ಬರೆದ ಗ್ರಂಥಗಳ ಮೊದಲ ಅಧ್ಯಾಯಗಳಲ್ಲಿಯೂ 'ಎಜುಕೇಷನ್' ಎಂಬ ಇಂಗ್ಲಿಷ್ ಶಬ್ದದ ವ್ಯುತ್ಪತ್ತಿಯೊಂದು ಪದೇ ಪದೇ ಕಾಣಬರುತ್ತದೆ. ಆ ಶಬ್ದವು ಲ್ಯಾಟಿನ್ ಭಾಷೆಯ 'ಏದೂಕೆರೆ' ಎಂಬ ಕ್ರಿಯಾಪದದಿಂದ ಹುಟ್ಟಿದುದೆಂದೂ, 'ಏ' ಎಂದರೆ ಹೊರಕ್ಕೆ, 'ದೂಕೆರೆ' ಎಂದರೆ ಸೆಳೆಯುವುದು ಎಂದು ಅರ್ಥವೆಂದೂ, ಆದಕಾರಣ ಮಗುವಿನೊಳಗೆ ಮೊದಲೇ ಅಡಗಿರುವ ಶಕ್ತಿಗಳನ್ನು ಹೊರಗೆ ಸೆಳೆಯುವುದೇ ನಿಜವಾದ ಎಜುಕೇಷನ್ ಎಂದೂ ಅಲ್ಲಿ ಹೇಳಿರುತ್ತದೆ. ಹೊರಗಿನಿಂದ ತುಂಬುವುದು ಆ ಹೆಸರಿಗೆ ತಕ್ಕುದಲ್ಲವೆಂಬ ತೀರ್ಪೂ ಅದರ ಹಿಂದೆಯೇ ಬರುತ್ತದೆ.

ಈ ಮಾತು ಬರಿಯ ಅಲಂಕಾರವಾಗಿ ನಿಂತಿದ್ದರೆ ಅದನ್ನು ಪರೀಕ್ಷಿಸುವ ಅಗತ್ಯವಿರುತ್ತಿರಲಿಲ್ಲ. ಆದರೆ ಅದನ್ನು ಪ್ರಮಾಣವಾಗಿ ಉಪಯೋಗಿಸುವುದು ವಾಡಿಕೆಯಾಗಿದೆ. ಕಂಠಪಾಠ, ಅಭ್ಯಾಸ, ತಿದ್ದುವಿಕೆ, ಮಗುವಿನ ಆರೈಕೆ ಮುಂತಾದವು ಶಬ್ದದ ಮೂಲಾರ್ಥಕ್ಕೆ ಹೊರತಾದುವಾದ್ದರಿಂದ ಅವು ಎಜುಕೇಷನ್ನಿನ ಭಾಗವಲ್ಲವೆಂದು ವಾದಿಸಿದಾಗ, ಆ ಮೂಲಾರ್ಥವು ನಿಜವಾಗಿ ಯಾವುದೆಂದು ಕೇಳುವುದು ನ್ಯಾಯವಾಗಿದೆ. ಶಬ್ದದ ಸಾಕ್ಷ್ಯವನ್ನು ಕರೆದವರು ಆ ಸಾಕ್ಷಿಯ ಮಾತನ್ನು ಪೂರ್ತಿಯಾಗಿ ಕೇಳಬೇಕಷ್ಟೆ.

೨

ಮೊದಲು ರೂಪವಿಚಾರ. ಲ್ಯಾಟಿನ್ನಿನಲ್ಲಿ ಒಂದನ್ನೊಂದು ಬಹಳವಾಗಿ ಹೋಲುವ ಎರಡು ಕ್ರಿಯಾಪದಗಳುಂಟು. ಒಂದು 'ಏದೂಕೆರೆ', ಇನ್ನೊಂದು 'ಏದುಕಾರೆ'. ಮೊದಲನೆಯದರಲ್ಲಿ ಧಾತುವಿನ ಸ್ವರ ದೀರ್ಘ; ಎರಡನೆಯದರಲ್ಲಿ ಹ್ರಸ್ವ. ಮೊದಲನೆಯದು ಆ ಭಾಷೆಯ ವ್ಯಾಕರಣದಲ್ಲಿ ಮೂರನೆಯ ಗಣಕ್ಕೆ ಸೇರಿದುದು. ಎರಡನೆಯದು ಒಂದನೆಯ ಗಣಕ್ಕೆ ಸೇರಿದುದು. 'ಹೊರಕ್ಕೆ ತರುತ್ತಾಳೆ' ಎನ್ನುವುದಕ್ಕೆ 'ಏದೂಕಿತ್' ಎಂದೂ, 'ಸಾಕಿ ಬೆಳೆಸುತ್ತಾಳೆ' ಎನ್ನುವುದಕ್ಕೆ 'ಏದುಕತ್' ಎಂದೂ ರೂಪಗಳು. ಉತ್ತಮ ಪುರುಷದ ಏಕವಚನದಲ್ಲಿ ಮಾತ್ರ ಇವೆರಡೂ 'ಏದೂಕೋ', 'ಏದುಕೋ' ಎಂದು ಸ್ವರದ ಮಾತ್ರೆಯೊಂದರಿಂದಲೇ ಬೇರೆಯಾಗಿ ನಿಲ್ಲುತ್ತವೆ. ರೋಮನ್ ಲಿಪಿಯ ಸಾಮಾನ್ಯ ಬರವಣಿಗೆಯಲ್ಲಿ ಹ್ರಸ್ವದೀರ್ಘಗಳಿಗೆ ಗುರುತಿಲ್ಲವಾದ್ದರಿಂದ ಅಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ನಿಘಂಟುಗಳಲ್ಲಿ ಲ್ಯಾಟಿನ್ ಕ್ರಿಯಾಪದಗಳನ್ನು ಈ ರೂಪದಲ್ಲಿಯೇ ಕೊಡುವ ಪದ್ಧತಿಯಿರುವುದರಿಂದ ಭ್ರಾಂತಿಗೆ ಅವಕಾಶ ಹೆಚ್ಚಿತು. ಕನ್ನಡ ಲಿಪಿಯಲ್ಲಿ ಬರೆದರೆ ಈ ತೊಡಕೇ ಇರುವುದಿಲ್ಲ.

ಇನ್ನು ಈ ಕ್ರಿಯಾಪದಗಳಿಂದ ಆಗುವ ಭಾವನಾಮಗಳನ್ನು ನೋಡಬೇಕು. 'ಏದೂಕೆರೆ'ಯಿಂದ ಬರತಕ್ಕ ನಾಮಪದ 'ಏದುಕ್ತಿಓ'. 'ಏದುಕಾರೆ'ಯಿಂದ ಬರತಕ್ಕದ್ದು 'ಏದುಕಾತಿಓ'. ಮೊದಲನೆಯದು ಇಂಗ್ಲಿಷಿನಲ್ಲಿ 'ಇಡಕ್ಷನ್' ಎಂದಾಗಿದೆ. ಅದು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಅಪರೂಪವಾಗಿ ಕಾಣುವ ಶಬ್ದ. ಎರಡನೆಯದು 'ಎಜುಕೇಷನ್' ಎಂದಾಗಿದೆ. 'ದೂಕೆರೆ'ಗೆ ಬೇರೆ ಬೇರೆ ಉಪಸರ್ಗಗಳು ಸೇರಿ ಆದ ಶಬ್ದಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ: ಪ್ರೊಡಕ್ಷನ್, ರಿಡಕ್ಷನ್, ಇಂಟ್ರೊಡಕ್ಷನ್, ಡಿಡಕ್ಷನ್. ಇವೆಲ್ಲವೂ 'ಡಕ್ಷನ್' ಎಂದು ಕೊನೆಗಾಣುತ್ತವೆಯೇ ಹೊರತು ಒಂದಾದರೂ 'ಡುಕೇಷನ್' ಎಂದು ಆಗುವುದಿಲ್ಲ. 'ಎಜುಕೇಷನ್' ಎಂಬುದು 'ಏದೂಕೆರೆ'ಯಿಂದಲೇ ಹುಟ್ಟಿದ್ದಾದರೆ ಈ ಸಾಲಿನಲ್ಲಿ ಅದೊಂದೇ ನಿಯಮ ತಪ್ಪಿದ್ದೇಕೆ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಹಾಗೆಂದು ಆ ಎರಡು ಕ್ರಿಯಾಪದಗಳಿಗೆ ಸಂಬಂಧವೇ ಇಲ್ಲವೆಂದು ಭಾವಿಸಬಾರದು. ಎರಡೂ ಒಂದೇ ಧಾತುವಿನ ಸಂತಾನ. ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ಇದು ಸುಲಭವಾಗಿ ವೇದ್ಯವಾಗುತ್ತದೆ. 'ಯುಜ್' ಧಾತುವಿನಿಂದ ಗುಣವಾದಾಗ 'ಯೋಗ' ಎಂದೂ, ಗುಣವಿಲ್ಲದಾಗ 'ಯುಗ' ಎಂದೂ ಆಗುವಂತೆ, ಲ್ಯಾಟಿನ್ನಿನಲ್ಲಿಯೂ ಈ ಧಾತುವಿಗೆ ಎರಡು ಅವಸ್ಥೆಗಳುಂಟು. 'ದೂಕೆರೆ'ಯ ದೀರ್ಘ ಊಕಾರವು ಹಿಂದೆ 'ಒಉ' ಎಂಬ ಸಂಧ್ಯಕ್ಷರವಾಗಿತ್ತು. ಕ್ರಿ. ಪೂ. ೨೯೮ರಲ್ಲಿ ಕಾನ್ಸಲ್ ಪದವಿಯಲ್ಲಿದ್ದ ಸ್ಕಿಪಿಯೋ ಬಾರ್ಬಾಟಸ್ ಎಂಬವನ ಸಮಾಧಿಯ ಶಾಸನದಲ್ಲಿ 'ಅಬ್ದೊಉಕಿತ್' ಎಂಬ ಹಳೆಯ ರೂಪವೇ ಕೆತ್ತಿದೆ. ಇದು ಗುಣವಾದ ರೂಪ. ನಾಯಕನೆಂಬ ಅರ್ಥದ 'ದುಕ್ಸ್' ಎಂಬ ನಾಮಪದದಲ್ಲಿಯೂ 'ಏದುಕಾರೆ'ಯಲ್ಲಿಯೂ ಇರುವುದು ಗುಣವಿಲ್ಲದ ಹ್ರಸ್ವರೂಪ. ಹೇಳುವುದೆಂಬ ಅರ್ಥದ 'ದೀಕೆರೆ' ಮತ್ತು ತೋರಿಸಿಕೊಡುವುದೆಂಬ ಅರ್ಥದ 'ಇಂದಿಕಾರೆ' ಎಂಬ ಪದಗಳಿಗೂ ಇದೇ ಬಗೆಯ ಸಂಬಂಧ. ಅವೆರಡೂ ಸಂಸ್ಕೃತದ 'ದಿಶ್' ಧಾತುವಿಗೆ ಸಜಾತೀಯವಾದುವು.

ಆದುದರಿಂದ ರೂಪದ ದೃಷ್ಟಿಯಿಂದ ನಿರ್ಣಯವು ಹೀಗೆ: 'ಎಜುಕೇಷನ್' ಶಬ್ದವು 'ಏದುಕಾರೆ'ಯ ಮಗಳು, 'ಏದೂಕೆರೆ' ಅದರ ತಾಯಿಯಲ್ಲ, ತಾಯಿಯ ಸಮೀಪಬಂಧು.

೩

ಬಂಧುತ್ವವೊಂದರಿಂದಲೇ ಅರ್ಥವು ನಿಶ್ಚಯವಾಗುವುದಿಲ್ಲ. ಪ್ರಯೋಗಗಳನ್ನು ಪರಿಶೀಲಿಸಬೇಕು. 'ಏದೂಕೆರೆ'ಯು ಲ್ಯಾಟಿನ್ ಗ್ರಂಥಗಳಲ್ಲಿ ಬಹುಮಟ್ಟಿಗೆ ಕಣ್ಣಿಗೆ ಕಾಣುವ ಚಲನೆಯನ್ನು ಹೇಳುವ ಪದ. ಸೇನಾಪತಿಯು ಪಾಳೆಯದಿಂದ ಸೈನ್ಯವನ್ನು ಹೊರಡಿಸುವುದು, ವೀರನು ಒರೆಯಿಂದ ಕತ್ತಿಯನ್ನು ಹಿರಿಯುವುದು, ಇವುಗಳಿಗೆ ಸೀಸರನ ಯುದ್ಧವೃತ್ತಾಂತಗಳಲ್ಲಿ ಈ ಪದವೇ ಬರುತ್ತದೆ. 'ಏದುಕಾರೆ'ಯು ಪೋಷಣೆಯ ಪದ. ಮಗುವಿಗೆ ಉಣಿಸುವುದು, ಸಾಕುವುದು, ಸಲಹುವುದು, ದೊಡ್ಡದು ಮಾಡುವುದು ಇದರ ಅರ್ಥವ್ಯಾಪ್ತಿ. ಇದು ಮನುಷ್ಯರಿಗೆ ಮಾತ್ರ ಮೀಸಲಾದುದೂ ಅಲ್ಲ. ಕತುಲ್ಲಸ್ ಕವಿಯ ಮದುವೆಯ ಹಾಡೊಂದರಲ್ಲಿ ತೋಟದ ಹೂವನ್ನು ಗಾಳಿ ನೇವರಿಸುತ್ತದೆ, ಬಿಸಿಲು ಗಟ್ಟಿಮಾಡುತ್ತದೆ. ಆಮೇಲೆ ಮಳೆಯು ಆ ಹೂವಿಗೆ ಮಾಡುವ ಕೆಲಸಕ್ಕೆ ಕವಿಯು ಬಳಸಿರುವ ಕ್ರಿಯಾಪದ 'ಏದುಕಾರೆ'. ಮಳೆಯು ಹೂವಿನೊಳಗಿನಿಂದ ಏನನ್ನೂ ಹೊರಗೆಳೆಯುವುದಿಲ್ಲ. ಅದು ನೀರೆರೆದು ಬೆಳೆಸುತ್ತದೆ.

ಈ ವಿಷಯದಲ್ಲಿ ಎಲ್ಲಕ್ಕಿಂತಲೂ ಮುಖ್ಯವಾದ ಆಧಾರವು ವಾರೋ ಎಂಬ ಪಂಡಿತನದು. ಕ್ರಿ. ಪೂ. ೧೧೬ರಿಂದ ೨೭ರವರೆಗೆ ಬಾಳಿದ ಈತನು ರೋಮನ್ನರಲ್ಲಿ ಬಹುಶ್ರುತನೆಂದು ಹೆಸರಾದವನು. ಅವನ ಗ್ರಂಥಗಳಲ್ಲಿ ಬಹುಭಾಗ ನಷ್ಟವಾಗಿದ್ದರೂ, ಮುಂದಿನ ಕಾಲದ ನೋನಿಯಸ್ ಮಾರ್ಕೆಲ್ಲಸ್ ಎಂಬ ಕೋಶಕಾರನು ಅವನ ಒಂದು ವಾಕ್ಯವನ್ನು ಉದ್ಧರಿಸಿ ಉಳಿಸಿದ್ದಾನೆ. ಅದರಲ್ಲಿ ವಾರೋ ನಾಲ್ಕು ಕ್ರಿಯಾಪದಗಳನ್ನು ನಾಲ್ವರಿಗೆ ಹಂಚಿಕೊಟ್ಟಿರುವನು. 'ಏದೂಕೆರೆ' ಸೂಲಗಿತ್ತಿಯ ಕೆಲಸ. ಅವಳು ಶಿಶುವನ್ನು ಗರ್ಭದಿಂದ ಹೊರಕ್ಕೆ ತರುತ್ತಾಳೆ. 'ಏದುಕಾರೆ' ದಾದಿಯ ಕೆಲಸ. ಅವಳು ಅದನ್ನು ಸಾಕುತ್ತಾಳೆ. ನಡೆನುಡಿಗಳನ್ನು ರೂಢಿಸುವುದು ಹುಡುಗನ ಸಂಗಡ ಪಾಠಶಾಲೆಗೆ ಹೋಗಿಬರುತ್ತಿದ್ದ ಸೇವಕನ ಕೆಲಸ. ಪಾಠ ಹೇಳುವುದು ಗುರುವಿನ ಕೆಲಸ. ಎರಡು ಪದಗಳ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ. ಇಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ: ಇಂದು 'ಎಜುಕೇಷನ್' ಎಂದೊಡನೆ ನೆನಪಿಗೆ ಬರುವ ಗುರುವು ವಾರೋ ಮಾಡಿದ ಹಂಚಿಕೆಯಲ್ಲಿ ನಾಲ್ಕನೆಯವನು, ಆ ಹೆಸರಿನ ಒಡೆತನ ದಾದಿಯದು.

ಆದರೆ ಈ ಭೇದವನ್ನು ಎಲ್ಲ ಲೇಖಕರೂ ತಪ್ಪದೆ ಪಾಲಿಸಿದರೆಂದು ಹೇಳಬರುವುದಿಲ್ಲ. ಟೆರೆನ್ಸನ ನಾಟಕಗಳಲ್ಲಿ 'ಏದೂಕೆರೆ'ಯೂ ಸಾಕಿ ಬೆಳೆಸುವುದೆಂಬ ಅರ್ಥದಲ್ಲಿ ಬಂದಿದೆ. ವರ್ಜಿಲನ ಮಹಾಕಾವ್ಯದ ಆರನೆಯ ಸರ್ಗದಲ್ಲಿ, ಲವೀನಿಯಾ ತನ್ನ ಮಗನನ್ನು ಕಾಡಿನಲ್ಲಿ ಬೆಳೆಸುವಳೆಂಬ ಭವಿಷ್ಯವನ್ನು ನುಡಿಯುವಲ್ಲಿಯೂ ಇದೇ ಪದವಿದೆ. ಇದರಿಂದ ಹೊರಸೆಳೆಯುವ ಪಕ್ಷಕ್ಕೆ ಬಲ ಬಂದಿತೆಂದು ತೋರಬಹುದು. ವಿಚಾರಿಸಿದರೆ ಆಗುವುದು ಅದಕ್ಕೆ ವಿಪರೀತ. ಎರಡು ಪದಗಳು ಸಂಧಿಸುವ ಎಡೆಯಲ್ಲಿ 'ಏದೂಕೆರೆ'ಯೇ ತನ್ನ ಅರ್ಥವನ್ನು ಬಿಟ್ಟು ಪೋಷಣೆಯ ಕಡೆಗೆ ಸರಿದಿದೆಯಲ್ಲದೆ, 'ಏದುಕಾರೆ'ಯು ಅಂತಃಶಕ್ತಿಯನ್ನು ಹೊರಗೆಳೆಯುವುದೆಂಬ ಅರ್ಥದ ಕಡೆಗೆ ಸರಿದಿಲ್ಲ.

ಪೋಷಣೆಯ ಈ ಕಲ್ಪನೆಯು ಒಂದೇ ಶಬ್ದದಲ್ಲಿ ನಿಂತುದಲ್ಲ. ವಿದ್ಯಾಶಾಲೆಯ ಹಳೆಯ ವಿದ್ಯಾರ್ಥಿಗೆ 'ಅಲಮ್ನಸ್' ಎಂಬ ಹೆಸರುಂಟಷ್ಟೆ; ಅದು 'ಅಲೆರೆ' ಎಂಬ, ಉಣಿಸುವುದೆಂಬ ಅರ್ಥದ ಕ್ರಿಯಾಪದದಿಂದ ಬಂದುದು, ಎಂದರೆ ಅಲಮ್ನಸ್ ಸಾಕುಮಗ. ತಾನು ಓದಿದ ವಿಶ್ವವಿದ್ಯಾನಿಲಯವನ್ನು 'ಅಲ್ಮಾ ಮೇಟರ್' ಎಂದು ಕರೆಯುವಾಗಲೂ ಅರ್ಥ ಉಣಿಸುವ ತಾಯಿಯೆಂದೇ. 'ಸೆಮಿನಾರ್' ಎಂಬುದರ ಮೂಲವಾದ 'ಸೇಮಿನಾರಿಯುಮ್' ಎಂದರೆ ಸಸಿಮಡಿ. ಇಷ್ಟು ಶಬ್ದಗಳು ಒಂದೇ ದಿಕ್ಕಿಗೆ ಕೈತೋರುವಾಗ ಅವುಗಳ ನಡುವೆ ಇರುವ ಎಜುಕೇಷನ್ ಒಂದನ್ನೇ ಬೇರೆ ದಿಕ್ಕಿಗೆ ತಿರುಗಿಸುವುದು ಯುಕ್ತವಲ್ಲ.

೪

ಇಂಗ್ಲಿಷಿಗೆ ಬಂದಾಗಲೂ ಈ ಶಬ್ದವು ತನ್ನ ಹುಟ್ಟಿನ ಅರ್ಥವನ್ನು ಬಿಟ್ಟುಬರಲಿಲ್ಲ. ಸರ್ ತಾಮಸ್ ಎಲಿಯಟ್ಟನು ೧೫೩೧ರಲ್ಲಿ ಪ್ರಕಟಿಸಿದ, ರಾಜ್ಯಾಡಳಿತಕ್ಕೆ ತಕ್ಕವರನ್ನು ಸಿದ್ಧಪಡಿಸುವ ವಿಷಯವಾದ ಗ್ರಂಥದಲ್ಲಿ ಇದು ಆ ಭಾಷೆಗೆ ಹೊಸದಾಗಿದ್ದ ಕಾಲದ ಪ್ರಯೋಗವುಂಟು. ಅಲ್ಲಿ ಅವನು ಲ್ಯಾಟಿನ್ನಿನಿಂದ ಬಂದ ಈ ಶಬ್ದದ ಪಕ್ಕದಲ್ಲಿ, ಮಗುವನ್ನು ಬೆಳೆಸುವ ರೀತಿಯೆಂಬ ಅರ್ಥದ ದೇಶ್ಯವಾದ ಇಂಗ್ಲಿಷ್ ನುಡಿಗಟ್ಟನ್ನು ಇಟ್ಟು ಅರ್ಥವನ್ನು ವಿಶದಪಡಿಸಿದ್ದಾನೆ.

ಷೇಕ್ಸ್‌ಪಿಯರನ ನಾಟಕಗಳಲ್ಲಿ ಈ ಅರ್ಥ ಇನ್ನೂ ಜೀವಂತವಾಗಿದೆ. 'ಒಥೆಲೋ' ನಾಟಕದ ಮೊದಲನೆಯ ಅಂಕದಲ್ಲಿ ಡೆಸ್ಡಿಮೋನಾ ಸಭೆಯ ಮುಂದೆ ತನ್ನ ತಂದೆಗೆ ಉತ್ತರ ಕೊಡುವಾಗ, ತಾನು ಅವನಿಗೆ ಎರಡು ವಿಷಯಗಳಲ್ಲಿ ಋಣಿಯೆಂದು ಹೇಳುತ್ತಾಳೆ: ಒಂದು ಜೀವ, ಇನ್ನೊಂದು ಎಜುಕೇಷನ್. ಇಲ್ಲಿ ಎಜುಕೇಷನ್ ಎಂದರೆ ಶಾಲೆಯ ಓದೆಂದು ತರಗತಿಯಲ್ಲಿ ಅರ್ಥ ಹೇಳಿದರೆ ಆ ಮಾತಿನ ತೂಕವೇ ಕಳೆದುಹೋಗುತ್ತದೆ. ಹೆತ್ತ ಋಣ, ಸಾಕಿದ ಋಣ ಎಂಬ ಎರಡನ್ನು ಎತ್ತಿ ಒಪ್ಪಿಕೊಂಡ ಮೇಲೆಯೇ ಅವಳು ಗಂಡನ ಪಕ್ಷವನ್ನು ಹಿಡಿಯುವುದು. 'ಆ್ಯಸ್ ಯು ಲೈಕ್ ಇಟ್' ನಾಟಕದ ಆರಂಭದಲ್ಲಿ ಆರ್ಲಾಂಡೋ ತನ್ನ ಅಣ್ಣನ ಮೇಲೆ ಹೇಳುವ ದೂರೂ ಬರಿಯ ಪುಸ್ತಕವಿದ್ಯೆಯ ಕೊರತೆಯಲ್ಲ. ಕುಲಕ್ಕೆ ತಕ್ಕಂತೆ ತನ್ನನ್ನು ಬೆಳೆಸಲಿಲ್ಲವೆಂಬುದೇ ಅವನ ಅಳಲು. 'ಟೇಮಿಂಗ್ ಆಫ್ ದಿ ಷ್ರೂ' ನಾಟಕದ ಪೀಠಿಕೆಯಲ್ಲಿ ಬರುವ ಕ್ರಿಸ್ಟಾಫರ್ ಸ್ಲೈ ಎಂಬ ಕುಡುಕನು ತನ್ನ ಹುಟ್ಟನ್ನು ಹೇಳಿದ ಬಳಿಕ, ಎಜುಕೇಷನ್ನಿನಿಂದ ತಾನು ಉಣ್ಣೆ ಹಿಂಜುವ ಹಣಿಗೆಗಳನ್ನು ಮಾಡುವವನೆಂದು ಹೇಳಿಕೊಳ್ಳುವುದೂ ಇದೇ ಅರ್ಥದಲ್ಲಿ.

ಹದಿನೇಳನೆಯ ಶತಮಾನದಿಂದೀಚೆಗೆ ಈ ಶಬ್ದದ ವ್ಯಾಪ್ತಿಯು ಕ್ರಮೇಣ ಶಾಲೆಯ ಬೋಧನೆಯ ಕಡೆಗೆ ಸಂಕುಚಿತವಾಯಿತು. ಫ್ರೆಂಚ್ ಭಾಷೆಯಲ್ಲಾದರೋ ಹಳೆಯ ಅರ್ಥವು ಇನ್ನೂ ಬಹುಕಾಲ ನಿಂತಿತು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗ್ರಂಥಗಳಲ್ಲಿ ರೇಷ್ಮೆಹುಳುಗಳ ಸಾಕಣೆಗೆ 'ಎದ್ಯುಕಾಸಿಯೋನ್' ಎಂಬ ಹೆಸರೇ ಇದೆ. ಸೊಪ್ಪು ತಿನ್ನಿಸಿ, ಚಳಿ ಸೆಕೆಗಳಿಂದ ಕಾಪಾಡಿ, ಗೂಡು ಕಟ್ಟುವವರೆಗೆ ಹುಳುವನ್ನು ನೋಡಿಕೊಳ್ಳುವ ಕೆಲಸಕ್ಕೂ, ಮಕ್ಕಳನ್ನು ವಿದ್ಯಾವಂತರನ್ನಾಗಿ ಮಾಡುವ ಕೆಲಸಕ್ಕೂ ಒಂದೇ ಹೆಸರು ಸಲ್ಲುತ್ತಿದ್ದಿತೆಂಬುದು ಆ ಶಬ್ದದ ಮೂಲಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ತತ್ತ್ವಜ್ಞನಾದ ಜಾನ್ ಡ್ಯೂಯಿಯು ೧೯೧೬ರ ತನ್ನ 'ಡೆಮಾಕ್ರಸಿ ಅಂಡ್ ಎಜುಕೇಷನ್' ಎಂಬ ಗ್ರಂಥದಲ್ಲಿ ವ್ಯುತ್ಪತ್ತಿಯಿಂದ ಈ ಶಬ್ದಕ್ಕೆ ನಡೆಸುವುದು, ಬೆಳೆಸುವುದು ಎಂಬ ಅರ್ಥವನ್ನೇ ಕೊಟ್ಟಿರುವನು.

೫

ಹಾಗಾದರೆ ಒಳಗಿರುವುದನ್ನು ಹೊರಗೆ ತರುವುದೆಂಬ ಭಾವನೆಯು ಎಲ್ಲಿಂದ ಬಂದಿತು? ಅದು ರೋಮಿನದಲ್ಲ, ಗ್ರೀಸಿನದು. ಶಬ್ದದಿಂದ ಹುಟ್ಟಿದುದಲ್ಲ, ದರ್ಶನದಿಂದ ಹುಟ್ಟಿದುದು. ಪ್ಲೇಟೋವಿನ 'ಮೆನೋ' ಎಂಬ ಸಂವಾದದಲ್ಲಿ ಸಾಕ್ರಟೀಸನು ರೇಖಾಗಣಿತವನ್ನು ಕಲಿಯದ ಒಬ್ಬ ದಾಸಬಾಲಕನನ್ನು ಕರೆದು, ಒಂದು ಚೌಕದ ಇಮ್ಮಡಿ ವಿಸ್ತೀರ್ಣವುಳ್ಳ ಚೌಕವನ್ನು ರಚಿಸುವ ಬಗೆಯನ್ನು ಪ್ರಶ್ನೆಗಳ ಮೂಲಕವೇ ಅವನಿಂದ ಹೊರಡಿಸುತ್ತಾನೆ. ಕಲಿಯುವುದೆಂದರೆ ಆತ್ಮವು ಮೊದಲೇ ತಿಳಿದಿದ್ದುದನ್ನು ಸ್ಮರಿಸಿಕೊಳ್ಳುವುದೆಂಬ ಸಿದ್ಧಾಂತವು ಅಲ್ಲಿಯದು. 'ಥಿಯೇಟಿಟಸ್' ಎಂಬ ಸಂವಾದದಲ್ಲಿ ಸಾಕ್ರಟೀಸನು ತಾನು ಸೂಲಗಿತ್ತಿಯ ಮಗನೆಂದೂ, ತಾನೂ ಅದೇ ವೃತ್ತಿಯವನೆಂದೂ, ತಾನು ಹೆರಿಗೆ ಮಾಡಿಸುವುದು ಮನಸ್ಸುಗಳಿಗೆಂದೂ ಹೇಳಿಕೊಳ್ಳುತ್ತಾನೆ. ಈ ಉಪಮೆಯನ್ನು ವಾರೋವಿನ ಹಂಚಿಕೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಗೊಂದಲದ ಸ್ವರೂಪವು ಥಟ್ಟನೆ ಹೊಳೆಯುತ್ತದೆ. ಸಾಕ್ರಟೀಸನದು ಸೂಲಗಿತ್ತಿಯ ವಿದ್ಯೆ, 'ಏದೂಕೆರೆ'ಯ ಕೆಲಸ. 'ಎಜುಕೇಷನ್' ಶಬ್ದವಾದರೋ ದಾದಿಯ ಮನೆಯಲ್ಲಿ ಹುಟ್ಟಿದುದು. ಗ್ರೀಕ್ ತತ್ತ್ವವನ್ನು ಮೆಚ್ಚಿದವರು ಅದಕ್ಕೆ ಲ್ಯಾಟಿನ್ ವಂಶಾವಳಿಯೊಂದನ್ನು ಕಟ್ಟಿದರು.

ಆ ವಂಶಾವಳಿಯು ಎಷ್ಟು ಪ್ರಚಾರದಲ್ಲಿದ್ದಿತೆಂಬುದಕ್ಕೆ ಮ್ಯೂರಿಯಲ್ ಸ್ಪಾರ್ಕ್ ಅವರ ೧೯೬೧ರ ಕಾದಂಬರಿಯೊಂದು ನಿದರ್ಶನ. ಅದರ ನಾಯಕಿಯಾದ ಮಿಸ್ ಬ್ರೋಡಿ ಎಂಬ ಉಪಾಧ್ಯಾಯಿನಿಯು ಇದೇ ವ್ಯುತ್ಪತ್ತಿಯನ್ನು ತನ್ನ ಶಿಷ್ಯೆಯರಿಗೆ ಬೋಧಿಸಿ, ತಾನು ಹೊರತರುವವಳೆಂದೂ ತನ್ನ ಮೇಲಧಿಕಾರಿಣಿಯು ತುರುಕುವವಳೆಂದೂ ಹೇಳುತ್ತಾಳೆ. ಆದರೆ ಕಥೆಯುದ್ದಕ್ಕೂ ತನ್ನ ಅಭಿರುಚಿಗಳನ್ನೂ ಅಭಿಪ್ರಾಯಗಳನ್ನೂ ಆ ಬಾಲಕಿಯರಲ್ಲಿ ತುಂಬುವವಳು ಅವಳೇ. ಶಬ್ದದ ಬಲದಿಂದ ತನ್ನ ನಡತೆಯನ್ನು ಸಮರ್ಥಿಸಿಕೊಳ್ಳುವ ಚಪಲವನ್ನು ಕಾದಂಬರಿಕಾರ್ತಿಯು ಇದರಿಂದ ನವಿರಾಗಿ ಹಾಸ್ಯಮಾಡಿದಂತಾಗಿದೆ.

ಭರತಖಂಡದಲ್ಲಿ, ಕರ್ಣಾಟಕದಲ್ಲಿಯೂ ಸಹ, ಈ ವ್ಯುತ್ಪತ್ತಿಗೆ ಸುಲಭವಾಗಿ ಆದರ ದೊರೆತುದಕ್ಕೆ ಇನ್ನೊಂದು ಕಾರಣವುಂಟು. ಮನುಷ್ಯನಲ್ಲಿ ಮೊದಲೇ ಇರುವ ಪೂರ್ಣತೆಯು ಪ್ರಕಟವಾಗುವುದೇ ವಿದ್ಯೆಯೆಂದು ಸ್ವಾಮಿ ವಿವೇಕಾನಂದರು ಉಪದೇಶಿಸಿದ್ದು ಇಲ್ಲಿ ಎಲ್ಲರಿಗೂ ಪರಿಚಿತವಾಗಿದೆ. ಆ ಮಾತಿಗೂ ಲ್ಯಾಟಿನ್ ಶಬ್ದಕ್ಕೂ ಗಂಟುಹಾಕಿ ಹೇಳುವುದುಂಟು. ಆದರೆ ಆ ಉಪದೇಶಕ್ಕೆ ವೇದಾಂತವೇ ಆಧಾರ. ರೋಮನ್ ದಾದಿಯರ ಒಂದು ಕ್ರಿಯಾಪದದ ಆಸರೆ ಅದಕ್ಕೆ ಬೇಕಾಗಿಲ್ಲ. ಪ್ಲೇಟೋವಿನ ಮತವಾಗಲಿ ವೇದಾಂತದ ಮತವಾಗಲಿ ಸತ್ಯವಾಗಿದ್ದರೆ ತನ್ನ ಯುಕ್ತಿಯಿಂದಲೂ ಅನುಭವದಿಂದಲೂ ನಿಲ್ಲತಕ್ಕದ್ದು. ದುರ್ಬಲವಾದ ಪ್ರಮಾಣವನ್ನು ಜೊತೆಗೂಡಿಸುವುದರಿಂದ ಆ ಪ್ರಮಾಣವು ಕುಸಿದಾಗ ಮತವೂ ಕುಸಿದಂತೆ ಕಾಣುವ ಅಪಾಯವುಂಟು.

೬

ಶಬ್ದದ ಹುಟ್ಟಿನಿಂದ ವಸ್ತುವಿನ ಧರ್ಮವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದು ಕನ್ನಡದ ಉದಾಹರಣೆಯಿಂದಲೇ ಸ್ಪಷ್ಟಪಡುತ್ತದೆ. 'ಶಿಕ್ಷಣ' ಮತ್ತು 'ಶಿಕ್ಷೆ' ಎಂಬ ಎರಡು ಶಬ್ದಗಳೂ 'ಶಿಕ್ಷ್' ಧಾತುವಿನಿಂದ ಬಂದುವು. ಆ ಧಾತುವನ್ನು ಧಾತುಪಾಠದಲ್ಲಿ ವಿದ್ಯೆಯನ್ನು ಪಡೆಯುವುದೆಂಬ ಅರ್ಥದಲ್ಲಿ ಬೇರೆಯಾಗಿಯೇ ಹೇಳಿದ್ದರೂ, ಚರಿತ್ರೆಯ ದೃಷ್ಟಿಯಿಂದ ಅದು 'ಶಕ್' ಧಾತುವಿನ ಸನ್ನಂತರೂಪ, ಎಂದರೆ ಸಮರ್ಥನಾಗಬೇಕೆಂದು ಬಯಸುವುದು ಅದರ ಅರ್ಥ. ವೇದಾಂಗಗಳಲ್ಲಿ ಶಿಕ್ಷೆಯೆಂದರೆ ವರ್ಣೋಚ್ಚಾರಣೆಯ ಶಾಸ್ತ್ರ. ಹಿಂದಿಯಲ್ಲಿ 'ಶಿಕ್ಷಾ' ಎಂದರೆ ವಿದ್ಯಾಭ್ಯಾಸ. ಕನ್ನಡದ ಬಳಕೆಯಲ್ಲಿ 'ಶಿಕ್ಷೆ' ಎಂದರೆ ದಂಡನೆ. ಈಗ ಒಬ್ಬ ಉಪಾಧ್ಯಾಯನು ಶಿಕ್ಷಣವೂ ಶಿಕ್ಷೆಯೂ ಒಂದೇ ಧಾತುವಿನವಾದ್ದರಿಂದ ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂದು ವಾದಿಸಿದರೆ ಅವನ ವ್ಯುತ್ಪತ್ತಿಯು 'ಏದೂಕೆರೆ'ಯ ವ್ಯುತ್ಪತ್ತಿಗಿಂತ ನಿರ್ದುಷ್ಟವಾಗಿಯೇ ಇರುತ್ತದೆ. ಆದರೂ ಆ ವಾದವನ್ನು ಯಾರೂ ಒಪ್ಪಲಾರರು. ಒಪ್ಪದಿರುವುದಕ್ಕೆ ಕಾರಣವು ಮಕ್ಕಳ ವಿಷಯದಲ್ಲಿ ಇರುವ ತಿಳಿವಳಿಕೆಯೇ ಹೊರತು ಧಾತುಪಾಠವಲ್ಲ.

'ಗುರು' ಶಬ್ದದ ವಿಚಾರವೂ ಹೀಗೆಯೇ. 'ಗು' ಎಂದರೆ ಕತ್ತಲೆ, 'ರು' ಎಂದರೆ ಅದನ್ನು ಹೋಗಲಾಡಿಸುವವನು ಎಂಬ ವಿವರಣೆಯನ್ನು ಕೇಳದ ಉಪಾಧ್ಯಾಯರಿಲ್ಲ. ಭಾಷೆಯ ಚರಿತ್ರೆಯಲ್ಲಾದರೋ 'ಗುರು' ಎಂದರೆ ಭಾರವಾದದ್ದು. ಗ್ರೀಕಿನ 'ಬರುಸ್', ಲ್ಯಾಟಿನ್ನಿನ 'ಗ್ರವಿಸ್' ಎಂಬವು ಅದರ ಸಜಾತೀಯಗಳು. ಛಂದಸ್ಸಿನ ಗುರುಲಘುಗಳಲ್ಲಿ ಆ ಅರ್ಥವನ್ನು ಪ್ರತಿಯೊಂದು ತರಗತಿಯಲ್ಲಿಯೂ ಇಂದಿಗೂ ಉಚ್ಚರಿಸುತ್ತಿರುವುದುಂಟು.

ಹಾಗೆಂದು ಮೊದಲನೆಯ ವಿವರಣೆಯನ್ನು ಅಳಿಸಿಹಾಕಬೇಕಾದ್ದಿಲ್ಲ. ಅದು ನಿರ್ವಚನ. ನಿರ್ವಚನಕ್ಕೆ ಈ ದೇಶದಲ್ಲಿ ಪ್ರಾಚೀನವಾದ ಶಾಸ್ತ್ರವೇ ಇದೆ. ಯಾಸ್ಕನು ನಿರುಕ್ತದಲ್ಲಿ 'ಆಚಾರ್ಯ' ಶಬ್ದಕ್ಕೆ ಮೂರು ನಿರ್ವಚನಗಳನ್ನು ಒಟ್ಟಿಗೆ ಕೊಡುತ್ತಾನೆ: ಆಚಾರವನ್ನು ಗ್ರಹಿಸುವಂತೆ ಮಾಡುವವನು, ಅರ್ಥಗಳನ್ನು ಕೂಡಿಸುವವನು, ಬುದ್ಧಿಯನ್ನು ಕೂಡಿಸುವವನು. ಒಂದು ಶಬ್ದಕ್ಕೆ ಚರಿತ್ರೆಯಲ್ಲಿ ಮೂರು ಹುಟ್ಟುಗಳಿರಲಾರವು. ಆದರೆ ಆಚಾರ್ಯನಾದವನು ಮಾಡಬೇಕಾದ ಮೂರು ಕೆಲಸಗಳಿರಬಹುದು. ನಿರ್ವಚನವು ಶಬ್ದದ ಮೂಲಕ ವಸ್ತುವಿನ ಧ್ಯಾನ. ವ್ಯುತ್ಪತ್ತಿಶಾಸ್ತ್ರವು ಶಬ್ದದ ಚರಿತ್ರೆ. ಎಜುಕೇಷನ್ನನ್ನು ಹೊರಸೆಳೆಯುವುದೆಂದು ವಿವರಿಸುವವರು ನಿರ್ವಚನವೆಂದು ಹೇಳಿ ವಿವರಿಸಿದರೆ ಆಕ್ಷೇಪಣೆಗೆ ಎಡೆಯಿಲ್ಲ. ನಿರ್ವಚನವನ್ನು ಚರಿತ್ರೆಯೆಂದು ಹೇಳಿ, ಆ ಚರಿತ್ರೆಯನ್ನು ಆಜ್ಞೆಯಾಗಿ ಮಾಡುವುದೇ ದೋಷ.

೭

ಶಬ್ದಚರಿತ್ರೆಗೆ ಆಜ್ಞೆ ಮಾಡುವ ಅಧಿಕಾರವಿಲ್ಲದಿದ್ದರೂ ಜ್ಞಾಪಿಸುವ ಶಕ್ತಿಯುಂಟು. ಕಾಳಿದಾಸನು ರಘುವಂಶದ ಮೊದಲನೆಯ ಸರ್ಗದಲ್ಲಿ ದಿಲೀಪನನ್ನು ವರ್ಣಿಸುತ್ತ, ಪ್ರಜೆಗಳಿಗೆ ವಿನಯವನ್ನು ಕಲಿಸಿ, ಅವರನ್ನು ರಕ್ಷಿಸಿ, ಭರಿಸಿದುದರಿಂದ ಅವನೇ ಅವರ ನಿಜವಾದ ತಂದೆಯೆಂದೂ, ಹೆತ್ತವರು ಕೇವಲ ಜನ್ಮಕ್ಕೆ ಕಾರಣರೆಂದೂ ಹೇಳುತ್ತಾನೆ. 'ವಿನಯ' ಶಬ್ದದಲ್ಲಿರುವುದು ನಡೆಸುವುದೆಂಬ ಅರ್ಥದ 'ನೀ' ಧಾತು. 'ದೂಕೆರೆ'ಯ ಅರ್ಥವೂ ಅದೇ. ಕಲಿಸುವುದು, ಕಾಪಾಡುವುದು, ಉಣಿಸುವುದು ಎಂಬ ಮೂರನ್ನು ಕವಿಯು ಒಂದೇ ಉಸಿರಿನಲ್ಲಿ ಎಣಿಸಿ, ಅವುಗಳನ್ನು ಹೆರುವುದಕ್ಕಿಂತ ಮೇಲಿಟ್ಟಿದ್ದಾನೆ. ಉಜ್ಜಯಿನಿಯ ಕೀರ್ತಿಯನ್ನು ಹಾಡಿದ ಈ ಕವಿಯೂ, ರೋಮಿನ ವಾರೋವೂ, ವೆನಿಸ್ಸಿನ ಸಭೆಯಲ್ಲಿ ನಿಂತ ಡೆಸ್ಡಿಮೋನಾಳೂ ಹುಟ್ಟಿಗೂ ಬೆಳವಣಿಗೆಗೂ ನಡುವೆ ಒಂದೇ ಗೆರೆಯನ್ನು ಎಳೆದು ತೋರಿಸುತ್ತಾರೆ.

ರೋಮಿನ ಪ್ರಸಿದ್ಧ ಅಲಂಕಾರಶಾಸ್ತ್ರಜ್ಞನಾದ ಕ್ವಿಂಟಿಲಿಯನ್ನನು, ಕ್ರಿ. ಶ. ಒಂದನೆಯ ಶತಮಾನದ ಕೊನೆಯಲ್ಲಿ, ವಾಗ್ಮಿಯನ್ನು ಸಿದ್ಧಪಡಿಸುವ ಕ್ರಮವನ್ನು ಹೇಳಹೊರಟಾಗ ಮೊದಲು ಎತ್ತಿದ ವಿಷಯಗಳಲ್ಲೊಂದು ದಾದಿಯ ಮಾತು. ಮಗು ಮೊದಲು ಕೇಳುವುದು ಅವಳ ಮಾತನ್ನು, ಅನುಕರಿಸುವುದೂ ಅದನ್ನೇ; ಆದಕಾರಣ ಅವಳ ನುಡಿ ಶುದ್ಧವಾಗಿರಬೇಕೆಂಬುದು ಅವನ ಅಭಿಪ್ರಾಯ. ಸಾಹಿತ್ಯವನ್ನು ಬೋಧಿಸುವವರಿಗೆ ಇದು ಗ್ರಾಹ್ಯವಾದುದು. ಮಗುವು ತನ್ನ ನುಡಿಯನ್ನು ಒಳಗಿನಿಂದ ತೆಗೆಯುವುದಿಲ್ಲ, ಕಿವಿಯಿಂದ ಕುಡಿಯುತ್ತದೆ. ಕುಡಿದುದನ್ನು ತನ್ನದಾಗಿಸಿಕೊಳ್ಳುವ ಶಕ್ತಿಯು ಒಳಗಿನದು, ನಿಜ. ಹೂವಿಗೂ ಅರಳುವ ಶಕ್ತಿ ತನ್ನದೇ. ಆದರೆ ಮಳೆಯು ಬಾರದಿದ್ದರೆ ಆ ಶಕ್ತಿಯು ಮೊಗ್ಗಿನಲ್ಲಿಯೇ ಬಾಡುತ್ತದೆ. ಒಳ್ಳೆಯ ಪದ್ಯವನ್ನು ಬಾಯಿಗೆ ಬರಿಸುವುದು, ಉಚ್ಚಾರಣೆಯನ್ನು ತಿದ್ದುವುದು, ಹಸಿದ ಮಗುವಿಗೆ ಅನ್ನವಿಕ್ಕಿ ಆಮೇಲೆ ಪಾಠಕ್ಕೆ ಕೂರಿಸುವುದು, ಇವೆಲ್ಲ ಎಜುಕೇಷನ್ನಿಗೆ ಹೊರಗಿನ ಕೆಲಸಗಳೆಂದು ಆ ಶಬ್ದವನ್ನೇ ಮುಂದಿಟ್ಟುಕೊಂಡು ಹೇಳುವುದು ಸಾಧುವಲ್ಲ. ಆ ಶಬ್ದವು ಹುಟ್ಟಿದ್ದೇ ಅಂತಹ ಕೆಲಸಗಳ ನಡುವೆ.